ಎಬ್ಬಿಸಿ ಕೂರಿಸುವ ಲೆಕ್ಕ

ಶಾಲೆಯ ವ್ಯವಹಾರ ನೋಡಿಕೊಳ್ಳುವ ಆನ್‌ಲೈನ್ ತಂತ್ರಾಂಶಗಳು ಮೊದಮೊದಲು ಮಾಡುತ್ತಿದ್ದುದು ಗುಮಾಸ್ತಿಕೆ. ಹಾಜರಿ, ಶುಲ್ಕದ ರಸೀದಿ, ಅಂಕಪಟ್ಟಿ, ಪೋಷಕರ ಮೊಬೈಲಿಗೊಂದು ಸಂದೇಶ. ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದುದನ್ನೇ ಪರದೆಯ ಮೇಲೆ ಬರೆದರೆ ಇಷ್ಟೂ ಆಗುತ್ತದೆ. ಆಮೇಲೆ ಬಂದ ಸೌಲಭ್ಯಗಳಲ್ಲಿ ಒಂದು ಮಾತ್ರ ಬೇರೆ ಜಾತಿಯದು: ವೇಳಾಪಟ್ಟಿಯನ್ನು ತಾನೇ ಹೆಣೆದುಕೊಡುವ ಗುಂಡಿ. ಅಲ್ಲಿ ನಡೆಯುವುದು ಬರೆದಿಡುವ ಕೆಲಸವಲ್ಲ, ಹುಡುಕುವ ಕೆಲಸ.

ಶಾಲೆ ಬಾಗಿಲು ತೆರೆಯುವ ದಿನಗಳಲ್ಲಿ ಟೈಮ್ ಟೇಬಲ್ ಹಾಕುವ ಹೊಣೆ ಸಾಮಾನ್ಯವಾಗಿ ಗಣಿತದ ಮೇಷ್ಟರ ಕೊರಳಿಗೆ ಬೀಳುತ್ತದೆ. ಮೇಜಿನಗಲದ ಡ್ರಾಯಿಂಗ್ ಶೀಟು, ಸ್ಕೇಲು, ಪೆನ್ಸಿಲು, ರಬ್ಬರು. ಮೊದಲು ಸವೆಯುವುದು ರಬ್ಬರು. ಮುಕ್ಕಾಲು ಹಾಳೆ ಸರಾಗವಾಗಿ ತುಂಬುತ್ತದೆ. ಉಳಿದ ಕಾಲು ಭಾಗಕ್ಕೆ ಮೂರು ದಿನ ಬೇಕಾಗುತ್ತದೆ. ಇದೇ ಕೆಲಸವನ್ನು ತಂತ್ರಾಂಶ ಅರ್ಧ ನಿಮಿಷದಲ್ಲಿ ಮುಗಿಸುವುದುಂಟು. ವಿಚಿತ್ರವೆಂದರೆ, ಅಷ್ಟೇ ಸೆಕ್ಷನ್, ಅಷ್ಟೇ ಶಿಕ್ಷಕರಿರುವ ಇನ್ನೊಂದು ಶಾಲೆಯ ಪಟ್ಟಿ ಕೊಟ್ಟರೆ ಅದೇ ತಂತ್ರಾಂಶ ರಾತ್ರಿಯೆಲ್ಲ ಓಡಿ, ಬೆಳಿಗ್ಗೆ ಒಂದೇ ಒಂದು ಪೀರಿಯಡ್ ಕೂರಿಸಲಾಗಲಿಲ್ಲವೆಂದು ಕೈಚೆಲ್ಲುವುದೂ ಉಂಟು. ಅರ್ಧ ನಿಮಿಷ ಹೇಗೆ ಸಾಕಾಯಿತು, ರಾತ್ರಿಯೆಲ್ಲ ಏಕೆ ಸಾಲಲಿಲ್ಲ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ.

ಎಲ್ಲವನ್ನೂ ಬರೆದು ನೋಡಿದರೆ?

ಕಂಪ್ಯೂಟರ್ ವೇಗದ್ದಲ್ಲವೆ, ಎಲ್ಲ ಬಗೆಯ ಜೋಡಣೆಗಳನ್ನೂ ಮಾಡಿ ನೋಡಿ ಸರಿಯಾದುದನ್ನು ಆರಿಸುತ್ತದೆ ಎಂದು ಹೆಚ್ಚಿನವರ ಊಹೆ. ಲೆಕ್ಕ ಹಾಕಿದರೆ ಈ ಊಹೆ ನಿಲ್ಲುವುದಿಲ್ಲ.

ಎಂಟು, ಒಂಬತ್ತು, ಹತ್ತನೇ ತರಗತಿಗಳು, ತಲಾ ಮೂರು ಸೆಕ್ಷನ್ ಇರುವ ಒಂದು ಪ್ರೌಢಶಾಲೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 8 ಪೀರಿಯಡ್, ಶನಿವಾರ 5, ವಾರಕ್ಕೆ 45. ಒಂಬತ್ತು ಸೆಕ್ಷನ್‌ಗೆ ತುಂಬಬೇಕಾದ ಮನೆಗಳು 405. ಸದ್ಯಕ್ಕೆ ವಾರವನ್ನು ಬಿಟ್ಟು ಒಂದೇ ದಿನ ಸಾಕು. ಎಂಟು ಬೇರೆ ಬೇರೆ ಪಾಠಗಳನ್ನು ಎಂಟು ಪೀರಿಯಡ್‌ಗಳಲ್ಲಿ ಜೋಡಿಸಲು ಒಂದು ಸೆಕ್ಷನ್‌ಗೆ 40,320 ದಾರಿಗಳಿವೆ. ಎರಡು ಸೆಕ್ಷನ್ ಸೇರಿದರೆ 162 ಕೋಟಿಗೂ ಮೇಲೆ. ಒಂಬತ್ತೂ ಸೇರಿದರೆ ಬರುವುದು 42 ಅಂಕಿಗಳ ಸಂಖ್ಯೆ. ಸೆಕೆಂಡಿಗೆ ನೂರು ಕೋಟಿ ಪಟ್ಟಿಗಳನ್ನು ಪರಿಶೀಲಿಸುವ ಯಂತ್ರ ವಿಶ್ವ ಹುಟ್ಟಿದಂದಿನಿಂದ, ಅಂದರೆ ಸುಮಾರು 1,380 ಕೋಟಿ ವರ್ಷದಿಂದ, ಬಿಡುವಿಲ್ಲದೆ ಕೂತಿದ್ದರೂ, ಮುಗಿದ ಕೆಲಸ ತುಂಬಿದ ಕನ್ನಂಬಾಡಿ ಕಟ್ಟೆಯಿಂದ ಅರ್ಧ ಚಮಚ ನೀರು ಮೊಗೆದಷ್ಟು. ಅದೂ ಒಂದು ದಿನದ ಟೈಮ್ ಟೇಬಲ್‌ಗೆ. ಆದ್ದರಿಂದ ತಂತ್ರಾಂಶ ಮಾಡುತ್ತಿರುವುದು ಇನ್ನೇನೋ.

ಕಟ್ಟಳೆ, ಕೋರಿಕೆ

ತಂತ್ರಾಂಶಕ್ಕೆ ಶಾಲೆಯವರು ಮೊದಲು ಉಣಿಸಬೇಕಾದದ್ದು ನಿಯಮಗಳನ್ನು. ಅವು ಎರಡು ಬಗೆ. ಮುರಿಯಲೇಬಾರದವು ಒಂದು, ಅವನ್ನು ಕಟ್ಟಳೆ ಎನ್ನಬಹುದು. ಒಬ್ಬ ಶಿಕ್ಷಕರು ಒಂದೇ ಹೊತ್ತಿನಲ್ಲಿ ಎರಡು ಕೋಣೆಯಲ್ಲಿ ಇರಲಾರರು. ಒಂದು ಸೆಕ್ಷನ್‌ಗೆ ಒಂದೇ ಹೊತ್ತಿನಲ್ಲಿ ಎರಡು ಪಾಠ ಆಗದು. ಇರುವುದು ಒಂದೇ ಪ್ರಯೋಗಾಲಯವಾದರೆ ಎರಡು ಸೆಕ್ಷನ್ ಅಲ್ಲಿ ಒಟ್ಟಿಗೆ ನುಗ್ಗುವಂತಿಲ್ಲ. ವಾರದಲ್ಲಿ ಮೂರೇ ದಿನ ಬರುವ ಅತಿಥಿ ಶಿಕ್ಷಕರಿಗೆ ನಾಲ್ಕನೇ ದಿನ ಪಾಠ ಹಾಕುವಂತಿಲ್ಲ.

ಎರಡನೆಯವು ಈಡೇರಿದರೆ ಒಳ್ಳೆಯದು ಎನ್ನುವಂಥವು, ಅಂದರೆ ಕೋರಿಕೆಗಳು. ಗಣಿತ ಬೆಳಗಿನ ಹೊತ್ತು ಬರಲಿ. ಊಟ ಮುಗಿದೊಡನೆ ಆಟದ ಪೀರಿಯಡ್ ಬೇಡ. ಮೇಡಂ ಒಬ್ಬರಿಗೆ ಸತತ ನಾಲ್ಕು ಪಾಠ ಬೀಳದಿರಲಿ. ಲೀಸರ್ ಪೀರಿಯಡ್‌ಗಳೆಲ್ಲ ಒಬ್ಬರಿಗೇ ಬೆಳಿಗ್ಗೆ, ಇನ್ನೊಬ್ಬರಿಗೇ ಸಂಜೆ ಆಗದಿರಲಿ. ಸ್ಟಾಫ್ ರೂಮಿನ ಜಗಳಗಳು ಹುಟ್ಟುವುದು ಬಹುಪಾಲು ಈ ಎರಡನೇ ಬಗೆಯಿಂದ, ಆದರೆ ಯಂತ್ರಕ್ಕೆ ಬೆವರಿಳಿಸುವುದು ಮೊದಲನೆಯ ಬಗೆ.

ಕರ್ನಾಟಕದ ಶಾಲೆಗಳಲ್ಲಿ ಅತಿ ಬಿಗಿಯಾದ ಗಂಟು ಬೀಳುವುದು ಭಾಷಾ ಪಾಠಗಳಲ್ಲಿ. ಒಂದೇ ಸೆಕ್ಷನ್ನಿನಲ್ಲಿ ಕೆಲವರು ಪ್ರಥಮ ಭಾಷೆಯಾಗಿ ಕನ್ನಡ, ಕೆಲವರು ಸಂಸ್ಕೃತ ತೆಗೆದುಕೊಂಡಿದ್ದರೆ ಆ ಹೊತ್ತಿಗೆ ಸೆಕ್ಷನ್ ಒಡೆಯುತ್ತದೆ. ಸಂಸ್ಕೃತಕ್ಕೆ ಒಬ್ಬರೇ ಶಿಕ್ಷಕರಿದ್ದರೆ ಮೂರೂ ಸೆಕ್ಷನ್‌ಗಳ ಸಂಸ್ಕೃತದ ಮಕ್ಕಳನ್ನು ಒಂದು ಕೋಣೆಗೆ ಕೂಡಿಸಬೇಕು. ಆಗ ಮೂರು ಸೆಕ್ಷನ್‌ಗಳ ಪ್ರಥಮ ಭಾಷೆಯ ಪೀರಿಯಡ್ ಒಂದೇ ಗಳಿಗೆಗೆ ಬರಬೇಕು, ಕನ್ನಡಕ್ಕೆ ಆ ಹೊತ್ತಿನಲ್ಲಿ ಮೂವರು ಶಿಕ್ಷಕರು ಬಿಡುವಾಗಿರಬೇಕು. ಒಂದು ಪಾಠವನ್ನು ಜರುಗಿಸಿದರೆ ನಾಲ್ಕು ಜರುಗುತ್ತವೆ. ಪೆನ್ಸಿಲ್ ಹಿಡಿದ ಅನುಭವಿಗಳು ಭಾಷೆಯನ್ನು ಮೊದಲು ಬರೆದು, ಮಿಕ್ಕದ್ದನ್ನು ಆಮೇಲೆ ನೋಡುವುದು ಇದಕ್ಕೇ.

ಬಿಂದು, ಗೆರೆ, ಬಣ್ಣ

ಗಣಿತಜ್ಞರು ಈ ಗೋಜಲನ್ನು ಒಂದು ಚಿತ್ರವಾಗಿ ಬರೆಯುತ್ತಾರೆ. ಪ್ರತಿ ಪಾಠಕ್ಕೂ ಒಂದು ಬಿಂದು. ಯಾವ ಎರಡು ಪಾಠಗಳು ಒಟ್ಟಿಗೆ ನಡೆಯಬಾರದೋ ಅವುಗಳ ನಡುವೆ ಒಂದು ಗೆರೆ. ಈಗ ಬಿಂದುಗಳಿಗೆ ಬಣ್ಣ ಹಚ್ಚಬೇಕು. ಗೆರೆಯಿಂದ ಕೂಡಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರಬಾರದು. ಸೋಮವಾರದ ಮೊದಲ ಪೀರಿಯಡ್ ಕೆಂಪು, ಎರಡನೆಯದು ಹಸಿರು, ಹೀಗೆ ವಾರಕ್ಕೆ 45 ಬಣ್ಣ. ಬಣ್ಣ ಹಚ್ಚಿ ಮುಗಿದರೆ ವೇಳಾಪಟ್ಟಿಯೂ ಮುಗಿದಂತೆ. ಗ್ರಾಫ್ ಕಲರಿಂಗ್ ಎಂದು ಇದರ ಹೆಸರು.

ಬಣ್ಣದ ಪ್ರಶ್ನೆ ಹುಟ್ಟಿದ್ದು ನಕಾಶೆಯಿಂದ. 1852ರಲ್ಲಿ ಫ್ರಾನ್ಸಿಸ್ ಗುತ್ರಿ ಎಂಬ ಯುವಕ ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ತುಂಬುತ್ತ, ಅಕ್ಕಪಕ್ಕದವಕ್ಕೆ ಒಂದೇ ಬಣ್ಣ ಬಾರದಂತೆ ಮಾಡಲು ನಾಲ್ಕು ಬಣ್ಣ ಸಾಕಾಗುತ್ತವೆಂದು ಗಮನಿಸಿದ. ಎಲ್ಲ ನಕಾಶೆಗೂ ಸಾಕೆ? 1976ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೆನೆತ್ ಆಪೆಲ್ ಮತ್ತು ವುಲ್ಫ್‌ಗಾಂಗ್ ಹಾಕೆನ್ ಸಾವಿರ ಗಂಟೆಗೂ ಹೆಚ್ಚು ಕಂಪ್ಯೂಟರ್ ಓಡಿಸಿ ಹೌದೆಂದು ಸಾಧಿಸಿದರು. ಶಾಲೆಯ ಪಾಡು ನಕಾಶೆಯಷ್ಟು ಸುಖದ್ದಲ್ಲ. ನಕಾಶೆಯಲ್ಲಿ ಬೀದರ್ ಜಿಲ್ಲೆಗೆ ಚಾಮರಾಜನಗರ ಎಂದೂ ನೆರೆಯಾಗದು; ವೇಳಾಪಟ್ಟಿಯಲ್ಲಿ ಹಿಂದಿ ಮೇಷ್ಟ್ರು ಒಬ್ಬರೇ ಆದರೆ ಎಂಟನೇ ತರಗತಿಯ ಹಿಂದಿಗೂ ಹತ್ತನೇ ತರಗತಿಯ ಹಿಂದಿಗೂ ಗೆರೆ ಬಿದ್ದೇ ಬೀಳುತ್ತದೆ.

ಸುಲಭದ ಲೆಕ್ಕ ಕಷ್ಟವಾದದ್ದು

ಬುಡಾಪೆಸ್ಟಿನ ದೆನೆಶ್ ಕ್ಯೋನಿಗ್ 1916ರಲ್ಲಿ ಸಾಧಿಸಿದ ಒಂದು ಫಲಿತಾಂಶ, ಅವರು ಶಾಲೆಗಾಗಿ ಬರೆಯದಿದ್ದರೂ, ನೇರವಾಗಿ ಇಲ್ಲಿಗೆ ಒದಗುತ್ತದೆ. ಕಟ್ಟಳೆಗಳು ಎರಡೇ ಇದ್ದರೆ, ಅಂದರೆ ಶಿಕ್ಷಕರು ಎರಡು ಕಡೆ ಇರಬಾರದು, ಸೆಕ್ಷನ್‌ಗೆ ಎರಡು ಪಾಠ ಬೀಳಬಾರದು ಎಂಬಷ್ಟೇ ಇದ್ದರೆ, ಯಾವ ಶಿಕ್ಷಕರಿಗೂ ಯಾವ ಸೆಕ್ಷನ್‌ಗೂ ವಾರಕ್ಕೆ 45 ಪಾಠಕ್ಕಿಂತ ಹೆಚ್ಚಿಲ್ಲದಿದ್ದರೆ ಸಾಕು, 45 ಪೀರಿಯಡ್‌ಗಳಲ್ಲಿ ಎಲ್ಲವೂ ಕೂತೇ ಕೂರುತ್ತದೆ. ಅದನ್ನು ಬೇಗ ಕಂಡುಹಿಡಿಯುವ ದಾರಿಯೂ ಇದೆ.

ಹಾಗಿದ್ದರೆ ಗಣಿತದ ಮೇಷ್ಟರ ರಬ್ಬರು ಸವೆಯುವುದೇಕೆ? ಮೂರನೆಯ ಕಟ್ಟಳೆಯಿಂದ. ಇಂಥವರು ಇಂಥ ಹೊತ್ತು ಸಿಗುವುದಿಲ್ಲ ಎಂಬ ಒಂದು ಸಾಲು ಸೇರಿದೊಡನೆ ಸಮಸ್ಯೆಯ ಗುಣವೇ ಬದಲಾಗುತ್ತದೆ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಕ್ಯಾಲ್ವಿನ್ ಗಾಟ್ಲೀಬ್ ತರಗತಿ ಮತ್ತು ಶಿಕ್ಷಕರ ಜೋಡಣೆಯನ್ನು 1960ರ ದಶಕದ ಆರಂಭದಲ್ಲೇ ಕಂಪ್ಯೂಟರಿಗೆ ಒಪ್ಪಿಸುವ ಕ್ರಮ ಬರೆದರು. ಆದರೆ ಇದು ಎಂಥ ಜಾತಿಯ ಕಷ್ಟವೆಂದು ತಿಳಿದದ್ದು 1976ರಲ್ಲಿ, ಶಿಮೋನ್ ಈವನ್, ಅಲೋನ್ ಇತಾಯ್ ಮತ್ತು ಆದಿ ಶಮೀರ್ ಬರೆದ ಪ್ರಬಂಧದಿಂದ. ಅವರ ಪ್ರಕಾರ ಬಿಡುವಿನ ನಿರ್ಬಂಧವಿರುವ ವೇಳಾಪಟ್ಟಿ, ಸ್ಟೀಫನ್ ಕುಕ್ 1971ರಲ್ಲಿ ಗುರುತಿಸಿದ, ಉತ್ತರ ಸಿಕ್ಕರೆ ತಾಳೆ ನೋಡುವುದು ಸುಲಭ, ಸಿಗುವವರೆಗೆ ಹುಡುಕುವುದು ಕಷ್ಟ ಎಂಬ ಸಮಸ್ಯೆಗಳ ಗುಂಪಿಗೆ ಸೇರಿದ್ದು. ಹಿತ್ತಲಿನಲ್ಲಿ ಬಿದ್ದ ಮೂಗುತಿಯಂತೆ: ಹುಡುಕಲು ದಿನವಿಡೀ ಬೇಕು, ಸಿಕ್ಕಿದ್ದು ಮೂಗುತಿಯೇ ಎಂದು ಹೇಳಲು ಕ್ಷಣ ಸಾಕು. ಎಲ್ಲ ಸಂದರ್ಭಕ್ಕೂ ಬೇಗನೆ ಉತ್ತರ ಕೊಡುವ ವಿಧಾನ ಈ ಗುಂಪಿನ ಯಾವ ಸಮಸ್ಯೆಗೂ ಇದುವರೆಗೆ ಸಿಕ್ಕಿಲ್ಲ. ಅಂಥದ್ದು ಇರಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಬಿಡಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿದ ಹತ್ತು ಲಕ್ಷ ಡಾಲರ್ ಬಹುಮಾನ ಹಾಗೇ ಉಳಿದಿದೆ.

ಎಲ್ಲ ಸಂದರ್ಭಕ್ಕೂ ಎಂಬ ಮಾತನ್ನು ಇಲ್ಲಿ ಒತ್ತಿ ಓದಬೇಕು. ನಿಜವಾದ ಶಾಲೆಗಳ ಪಟ್ಟಿಗಳು ಬಹುಮಟ್ಟಿಗೆ ಅಷ್ಟು ಕ್ರೂರವಾಗಿರುವುದಿಲ್ಲ. ಆ ಸಂದಿನಲ್ಲೇ ತಂತ್ರಾಂಶ ನುಸುಳುತ್ತದೆ.

ದೊಡ್ಡ ಪಾತ್ರೆ ಮೊದಲು

ಹೀಗೆ ನುಸುಳುವ ಬಗೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ತಂತ್ರಾಂಶವಿದೆ, ಎಫ್‌ಇಟಿ ಎಂದು ಅದರ ಹೆಸರು. ರುಮೇನಿಯಾದ ಲಿವ್ಯೂ ಲಲೆಸ್ಕು 2002ರಲ್ಲಿ ಶುರುಮಾಡಿದ್ದು. ಉಚಿತ, ಒಳಗಿನ ಬರಹವೂ ಬಹಿರಂಗ. ಮೊದಲು ಅದು ಜೀವವಿಕಾಸವನ್ನು ಅನುಕರಿಸುತ್ತಿತ್ತು. ನೂರಾರು ಅರೆಬರೆ ಪಟ್ಟಿಗಳನ್ನು ಹುಟ್ಟಿಸಿ, ಒಂದಕ್ಕೊಂದು ಬೆರೆಸಿ, ಗಟ್ಟಿ ಸಂತಾನವನ್ನು ಉಳಿಸಿಕೊಳ್ಳುವ ವಿಧಾನ. ಕೇಳಲು ಸೊಗಸು. ಆದರೆ ಬಿಗಿಯಾದ ಪಟ್ಟಿಗಳ ಮುಂದೆ ಮುಗ್ಗರಿಸುತ್ತಿತ್ತು. 2007ರಲ್ಲಿ ಅದನ್ನು ಕೈಬಿಟ್ಟು, ಪೆನ್ಸಿಲ್ ಹಿಡಿದ ಮೇಷ್ಟ್ರು ಮಾಡುವುದನ್ನೇ ಹೆಚ್ಚು ತಾಳ್ಮೆಯಿಂದ ಮಾಡುವ ವಿಧಾನಕ್ಕೆ ಬಂದರು.

ಅದರ ಮೊದಲ ಹೆಜ್ಜೆ, ಕಷ್ಟದ ಪಾಠಗಳನ್ನು ಮುಂದೆ ತರುವುದು. ಮನೆ ಬದಲಿಸುವಾಗ ಕೊಪ್ಪರಿಗೆ, ಇಡ್ಲಿ ಪಾತ್ರೆಗಳನ್ನು ಪೆಟ್ಟಿಗೆಗೆ ಮೊದಲು ಇಟ್ಟು ಲೋಟ, ಸೌಟುಗಳನ್ನು ಸಂದಿಗಳಿಗೆ ತುರುಕುತ್ತಾರಲ್ಲ, ಹಾಗೆ. ಹೆಚ್ಚು ನಿಯಮಗಳಿಗೆ ಸಿಕ್ಕಿಕೊಂಡ ಪಾಠ ಮೊದಲು, ಎಲ್ಲಿ ಬೇಕಾದರೂ ಕೂರುವ ವಾಚನಾಲಯದ ಪೀರಿಯಡ್ ಕೊನೆಗೆ.

ಮದುವೆ ಮನೆಯ ಹಾಸಿಗೆ

ಎರಡನೇ ಹೆಜ್ಜೆಯೇ ಇಡೀ ಯಂತ್ರದ ಜೀವಾಳ. ಮದುವೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಸೋದರತ್ತೆ ಬಂದಿಳಿಯುತ್ತಾರೆ. ಮಂಡಿನೋವು, ಮಹಡಿ ಹತ್ತಲಾರರು. ಕೆಳಗಿನ ಕೋಣೆಯಲ್ಲಿ ಮಲಗಿದ್ದ ಚಿಕ್ಕಪ್ಪನನ್ನು ಎಬ್ಬಿಸಿ ಪಡಸಾಲೆಗೆ, ಪಡಸಾಲೆಯ ಹುಡುಗರನ್ನು ಎಬ್ಬಿಸಿ ಮಹಡಿಗೆ. ಮಹಡಿಯಲ್ಲಿ ಜಾಗ ಇತ್ತು, ಸರಪಳಿ ನಿಂತಿತು. ಹೊಸಬರಿಗೆ ಜಾಗವಿಲ್ಲ ಎನ್ನುವ ಬದಲು, ಯಾರನ್ನು ಎಬ್ಬಿಸಿದರೆ ಅತಿ ಕಡಿಮೆ ಗಲಾಟೆ ಎಂದು ನೋಡುವುದು. ಎದ್ದವರಿಗೂ ಅದೇ ಪ್ರಶ್ನೆ ಕೇಳುವುದು.

ಒಂದು ಪುಟ್ಟ ಶಾಲೆಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಮೂರು ತರಗತಿ, ಊಟಕ್ಕೆ ಮುಂಚೆ ನಾಲ್ಕು ಪೀರಿಯಡ್. ಪ್ರತಿ ತರಗತಿಗೂ ಕನ್ನಡ, ಗಣಿತ, ವಿಜ್ಞಾನ ಒಂದೊಂದು ಪಾಠ. ಒಂದು ಪೀರಿಯಡ್ ಖಾಲಿ. ವಿಜ್ಞಾನದ ಅತಿಥಿ ಶಿಕ್ಷಕರ ಬಸ್ಸು ಬರುವುದು ಮೊದಲ ಪೀರಿಯಡ್ ಮುಗಿದ ಮೇಲೆ. ಕನ್ನಡದ ಮೇಡಂ ನಾಲ್ಕನೆಯ ಪೀರಿಯಡ್‌ನಲ್ಲಿ ಬಿಸಿಯೂಟದ ಉಸ್ತುವಾರಿಗೆ ಹೋಗಬೇಕು. ಹಸಿದ ಮಕ್ಕಳಿಗೆ ಗಣಿತ ಬೇಡವೆಂದು ಗಣಿತಕ್ಕೂ ನಾಲ್ಕನೆಯದು ವರ್ಜ್ಯ. ಎಂಟು ಪಾಠ ಕೂರಿಸಿದ ಮೇಲೆ ಪಟ್ಟಿ ಹೀಗಿದೆ:

ಎಂಟನೇ ತರಗತಿ: ಗಣಿತ – ಕನ್ನಡ – ಖಾಲಿ – ವಿಜ್ಞಾನ
ಒಂಬತ್ತನೇ ತರಗತಿ: ಕನ್ನಡ – ಗಣಿತ – ವಿಜ್ಞಾನ – ಖಾಲಿ
ಹತ್ತನೇ ತರಗತಿ: ಖಾಲಿ – ವಿಜ್ಞಾನ – ಗಣಿತ – ಖಾಲಿ

ಹತ್ತನೇ ತರಗತಿಯ ಕನ್ನಡ ಹೊರಗುಳಿದಿದೆ. ಆ ತರಗತಿಯಲ್ಲಿ ಎರಡು ಖಾಲಿ ಮನೆ ಇವೆ, ಆದರೂ ಜಾಗವಿಲ್ಲ. ಮೊದಲನೆಯದರಲ್ಲಿ ಮೇಡಂ ಒಂಬತ್ತನೇ ತರಗತಿಯಲ್ಲಿದ್ದಾರೆ, ನಾಲ್ಕನೆಯದರಲ್ಲಿ ಬಿಸಿಯೂಟ. ಡ್ರಾಯಿಂಗ್ ಶೀಟಿನ ಮುಂದೆ ಕೂತವರು ನಿಟ್ಟುಸಿರಿಡುವ ಗಳಿಗೆ ಇದು.

ಯಂತ್ರ ಎಣಿಸುತ್ತದೆ. ಎರಡನೆಯದರಲ್ಲಿ ಕೂರಿಸಿದರೆ ಹತ್ತನೆಯ ವಿಜ್ಞಾನವೂ ಎಂಟನೆಯ ಕನ್ನಡವೂ ಏಳಬೇಕು, ಎರಡು ಪಾಠ. ಮೊದಲನೆಯದರಲ್ಲಾದರೆ ಒಂದೇ, ಒಂಬತ್ತನೆಯ ಕನ್ನಡ. ಮೂರನೆಯದರಲ್ಲೂ ಒಂದೇ. ಮೊದಲನೆಯದನ್ನು ಆರಿಸಿತೆನ್ನಿ. ಈಗ ಎದ್ದುನಿಂತ ಒಂಬತ್ತನೆಯ ಕನ್ನಡಕ್ಕೆ ಜಾಗ ಬೇಕು. ಎರಡನೆಯದಕ್ಕೆ ಹೋದರೆ ಎರಡು ಪಾಠ ಏಳುತ್ತವೆ, ಮೂರನೆಯದಕ್ಕೆ ಹೋದರೆ ಒಂಬತ್ತನೆಯ ವಿಜ್ಞಾನ ಒಂದೇ. ಮೂರಕ್ಕೆ ಹೋಯಿತು. ಎದ್ದ ವಿಜ್ಞಾನ ಮೊದಲನೆಯದಕ್ಕೆ ಹೋಗುವಂತಿಲ್ಲ, ಬಸ್ಸು ಬಂದಿರುವುದಿಲ್ಲ. ನಾಲ್ಕನೆಯದರಲ್ಲಿ ಒಂಬತ್ತನೇ ತರಗತಿ ಖಾಲಿ, ಆದರೆ ಶಿಕ್ಷಕರು ಎಂಟನೇ ತರಗತಿಯಲ್ಲಿದ್ದಾರೆ. ಎಂಟನೆಯ ವಿಜ್ಞಾನವನ್ನು ಎಬ್ಬಿಸಿದರೆ ಅದಕ್ಕೆ ಮೂರನೆಯ ಪೀರಿಯಡ್ ಸಿಕ್ಕಿತು. ಎಂಟನೇ ತರಗತಿಯೂ ಆಗ ಖಾಲಿ, ವಿಜ್ಞಾನದ ಶಿಕ್ಷಕರೂ ಈಗ ತಾನೇ ಆ ಹೊತ್ತಿಗೆ ಬಿಡುವಾದವರು. ಸರಪಳಿ ಮುಗಿಯಿತು:

ಎಂಟನೇ ತರಗತಿ: ಗಣಿತ – ಕನ್ನಡ – ವಿಜ್ಞಾನ – ಖಾಲಿ
ಒಂಬತ್ತನೇ ತರಗತಿ: ಖಾಲಿ – ಗಣಿತ – ಕನ್ನಡ – ವಿಜ್ಞಾನ
ಹತ್ತನೇ ತರಗತಿ: ಕನ್ನಡ – ವಿಜ್ಞಾನ – ಗಣಿತ – ಖಾಲಿ

ನಾಲ್ಕು ಜರುಗಾಟಗಳು. ಹತ್ತನೇ ತರಗತಿಯ ಕನ್ನಡಕ್ಕಾಗಿ ಎಂಟನೇ ತರಗತಿಯ ವಿಜ್ಞಾನ ಜರುಗಿದ್ದನ್ನು ಗಮನಿಸಬೇಕು. ಮೇಲ್ನೋಟಕ್ಕೆ ಎರಡಕ್ಕೂ ಸಂಬಂಧವೇ ಇಲ್ಲ. ಮನುಷ್ಯರು ಸಾಮಾನ್ಯವಾಗಿ ಎರಡು ಮೂರು ಕೊಂಡಿಯವರೆಗೆ ಸರಪಳಿಯನ್ನು ಮನಸ್ಸಿನಲ್ಲಿ ಹಿಡಿಯಬಲ್ಲರು, ಆಮೇಲೆ ಯಾರು ಎಲ್ಲಿದ್ದರೆಂಬುದೇ ಮರೆಯುತ್ತದೆ. ಎಫ್‌ಇಟಿ 14 ಕೊಂಡಿಗಳಷ್ಟು ಆಳಕ್ಕೆ ಹೋಗುತ್ತದೆ. ಅಷ್ಟರಲ್ಲಿ ಜಾಗ ಸಿಗದಿದ್ದರೆ ಎಲ್ಲರನ್ನೂ ಹಿಂದಿನ ಜಾಗಕ್ಕೆ ಕಳಿಸಿ ಬೇರೆ ಕಡೆಯಿಂದ ಎಬ್ಬಿಸತೊಡಗುತ್ತದೆ.

ಒಂದು ಅಪಾಯವಿದೆ. ಕನ್ನಡ ಗಣಿತವನ್ನು ಎಬ್ಬಿಸಿ, ಗಣಿತ ಮರಳಿ ಬಂದು ಕನ್ನಡವನ್ನೇ ಎಬ್ಬಿಸಿದರೆ ಗಾಣದೆತ್ತಿನಂತೆ ಸುತ್ತು ಮುಗಿಯುವುದೇ ಇಲ್ಲ. ಇದಕ್ಕೆ ಯಂತ್ರ ಒಂದು ಚಿಕ್ಕ ನೆನಪಿನ ಪಟ್ಟಿ ಇಟ್ಟುಕೊಳ್ಳುತ್ತದೆ: ಇಂಥ ಪಾಠವನ್ನು ಇಂಥ ಜಾಗದಿಂದ ಈಗಷ್ಟೇ ಎಬ್ಬಿಸಿದೆ, ಸ್ವಲ್ಪ ಹೊತ್ತು ಅಲ್ಲಿಗೆ ಕಳಿಸಬೇಡ.

ಕುಲುಮೆಯ ಹದ

ಕಟ್ಟಳೆಗಳು ಮುಗಿದ ಮೇಲೆ ಕೋರಿಕೆಗಳ ಸರದಿ. ಹಲವು ತಂತ್ರಾಂಶಗಳು ಇಲ್ಲಿ ಪ್ರತಿ ಕೊರತೆಗೂ ಒಂದಿಷ್ಟು ದಂಡ ಹಾಕಿ, ಎರಡೆರಡು ಪಾಠಗಳನ್ನು ಅದಲುಬದಲು ಮಾಡುತ್ತ ಒಟ್ಟು ದಂಡವನ್ನು ಇಳಿಸುತ್ತವೆ. ದಂಡ ಇಳಿಯುವ ಬದಲಾವಣೆಯನ್ನಷ್ಟೇ ಒಪ್ಪುತ್ತ ಹೋದರೆ ಬೇಗನೆ ಒಂದು ಕಡೆ ಸಿಕ್ಕಿಬೀಳಬೇಕಾಗುತ್ತದೆ. ಅಲ್ಲಿಂದ ಯಾವ ಒಂದು ಅದಲುಬದಲೂ ಸುಧಾರಣೆ ತಾರದು, ಎರಡು ಒಟ್ಟಿಗೆ ಮಾಡಿದ್ದರೆ ತರುತ್ತಿತ್ತು. 1983ರಲ್ಲಿ ಐಬಿಎಂ ಸಂಸ್ಥೆಯ ಸ್ಕಾಟ್ ಕರ್ಕ್‌ಪ್ಯಾಟ್ರಿಕ್, ಡೇನಿಯಲ್ ಜೆಲಟ್, ಮಾರಿಯೊ ವೆಕ್ಕಿ ಇಂಥ ಸಮಸ್ಯೆಗಳಿಗೆ ಸೂಚಿಸಿದ ಉಪಾಯ ಲೋಹವನ್ನು ಕಾಯಿಸಿ ನಿಧಾನ ಆರಿಸುವ ಕ್ರಿಯೆಯಿಂದ ಬಂದದ್ದು. ಕಾದ ಲೋಹದಲ್ಲಿ ಕಣಗಳು ಹಿಂದೆ ಮುಂದೆ ಓಡಾಡುತ್ತವೆ, ಆರುತ್ತ ಬಂದಂತೆ ಒಳ್ಳೆಯ ಜಾಗ ಹಿಡಿದು ನಿಲ್ಲುತ್ತವೆ. ತಂತ್ರಾಂಶವೂ ಮೊದಮೊದಲು ಕೆಟ್ಟ ಬದಲಾವಣೆಗಳನ್ನೂ ಆಗಾಗ ಒಪ್ಪುತ್ತದೆ. ಹೊತ್ತು ಹೋದಂತೆ ಬಿಗಿಯಾಗುತ್ತದೆ. ಅವಸರದಲ್ಲಿ ತಣ್ಣಗಾಗಿಸಿದರೆ ಪಟ್ಟಿ ಒರಟಾಗಿ ಉಳಿಯುತ್ತದೆ.

ಕೂರದ ಒಂದು ಪೀರಿಯಡ್

ರಾತ್ರಿಯೆಲ್ಲ ಓಡಿದ ಶಾಲೆಗೆ ಈಗ ಮರಳಬಹುದು. ಅಲ್ಲಿ ಎರಡರಲ್ಲೊಂದು ಆಗಿರುತ್ತದೆ. ಪಟ್ಟಿ ಸಾಧ್ಯವಿದ್ದರೂ ಸರಪಳಿ ಅಲ್ಲಿಗೆ ತಲುಪಿಲ್ಲ. ಅಥವಾ ಪಟ್ಟಿ ಸಾಧ್ಯವೇ ಇಲ್ಲ. ಎರಡನೆಯದು ಎಷ್ಟೋ ಸಲ ಬೆರಳೆಣಿಕೆಯಲ್ಲೇ ತಿಳಿಯುತ್ತದೆ. ಮೂರನೇ ಭಾಷೆಯಾದ ಹಿಂದಿಗೆ ಒಬ್ಬರೇ ಶಿಕ್ಷಕರು, ಒಂಬತ್ತು ಸೆಕ್ಷನ್, ತಲಾ ವಾರಕ್ಕೆ ಮೂರು ಪಾಠ; ಒಟ್ಟು 27. ಬೆಳಗಿನ ಹೊತ್ತು ಗಣಿತ, ವಿಜ್ಞಾನಕ್ಕಿರಲೆಂದು ಯಾರೋ ಹಿಂದಿಯೆಲ್ಲ ಊಟದ ನಂತರ ಎಂದು ಬರೆದಿದ್ದಾರೆ. ಊಟದ ನಂತರ ದಿನಕ್ಕೆ ಮೂರು ಪೀರಿಯಡ್, ಐದು ದಿನಕ್ಕೆ 15; ಶನಿವಾರ ಮಧ್ಯಾಹ್ನ ಶಾಲೆಯೇ ಇಲ್ಲ. ಹದಿನೈದು ಮನೆಯಲ್ಲಿ 27 ಪಾಠ ಯಾವ ಯಂತ್ರಕ್ಕೂ ಹಿಡಿಸವು.

ಹೀಗೆ ನೇರವಾಗಿದ್ದರೆ ಕೆಲವು ತಂತ್ರಾಂಶಗಳು ಮೊದಲೇ ಎಚ್ಚರಿಸುತ್ತವೆ. ಇದೇ ಕೊರತೆ ನಾಲ್ಕಾರು ನಿಯಮಗಳಲ್ಲಿ ಹಂಚಿಹೋಗಿದ್ದರೆ ಕಣ್ಣಿಗೆ ಬೀಳದು. ಆಗ ಯಂತ್ರ ಹೊರಗುಳಿದ ಪಾಠವೆಂದು ತೋರಿಸುವುದು ಯಾವುದೋ ಚಿತ್ರಕಲೆಯ ಪೀರಿಯಡ್ ಆಗಿರಬಹುದು. ಚಿತ್ರಕಲೆಯದೇನೂ ತಪ್ಪಿಲ್ಲ, ಸರಪಳಿ ತುಂಡಾದಾಗ ಎದ್ದುನಿಂತಿದ್ದದ್ದು ಅದು, ಅಷ್ಟೆ. ಅನುಭವಿಗಳು ಚಿತ್ರಕಲೆಯನ್ನು ಮುಟ್ಟದೆ, ಕಟ್ಟಳೆಗಳಲ್ಲಿ ಒಂದೆರಡನ್ನು ಕೋರಿಕೆಯ ದರ್ಜೆಗೆ ಇಳಿಸಿ ಮತ್ತೆ ಓಡಿಸುತ್ತಾರೆ. ಬಹಳ ಸಲ ಕಟ್ಟಳೆ ಎಂದು ಬರೆಸಿದ್ದು ಯಾರದೋ ಅಭ್ಯಾಸವಾಗಿರುತ್ತದೆ.

ರಜೆ, ನಿಯೋಜನೆ, ಬೀಗ

ಬೆಳಿಗ್ಗೆ ಒಂಬತ್ತೂವರೆಗೆ ಇಬ್ಬರು ಶಿಕ್ಷಕರು ರಜೆ ಎಂದು ಸಂದೇಶ ಕಳಿಸಿದಾಗ ಬದಲಿ ವ್ಯವಸ್ಥೆ ಸೂಚಿಸುವುದು ಇನ್ನೊಂದು ಸೌಲಭ್ಯ. ಯಾವ ಪೀರಿಯಡ್‌ಗೆ ಯಾರಿಗೆ ಲೀಸರ್ ಇದೆ ಎಂದು ನೋಡಿದರೆ ಸಾಕಲ್ಲ ಎನಿಸಬಹುದು. ಆಟದ ಮೇಷ್ಟರನ್ನು ಒಂಬತ್ತನೇ ಬಿ ಸೆಕ್ಷನ್‌ಗೆ ಹಾಕಿಯಾದ ಮೇಲೆ, ಎಂಟನೇ ಎ ಸೆಕ್ಷನ್‌ಗೆ ಹೋಗಬಲ್ಲವರು ಅವರೊಬ್ಬರೇ ಎಂದು ತಿಳಿದರೆ? ಅವರನ್ನು ಎಬ್ಬಿಸಿ ಎಂಟಕ್ಕೆ ಕಳಿಸಿ, ಒಂಬತ್ತಕ್ಕೆ ಬೇರೊಬ್ಬರನ್ನು ಹುಡುಕಬೇಕು. ಅದೇ ಸರಪಳಿ. ಒಂದೇ ಪೀರಿಯಡ್‌ನ ಮಾತಾದ್ದರಿಂದ ಇದು ಸುಲಭದ ಗುಂಪಿಗೆ ಸೇರಿದ ಲೆಕ್ಕ. ಉತ್ತರವಿದ್ದರೆ ತಡವಿಲ್ಲದೆ ಸಿಕ್ಕೇ ಸಿಗುತ್ತದೆ.

ನಡುವರ್ಷದಲ್ಲಿ ಒಬ್ಬರಿಗೆ ವರ್ಗವಾದರೆ, ನಿಯೋಜನೆಯ ಮೇಲೆ ಬೇರೆ ಶಾಲೆಗೆ ವಾರಕ್ಕೆರಡು ದಿನ ಹೋಗಬೇಕಾದರೆ ಕತೆ ಬೇರೆ. ಹೊಸದಾಗಿ ಗುಂಡಿ ಒತ್ತಿದರೆ ಸರಿಯಾದ ಪಟ್ಟಿಯೇ ಬರಬಹುದು, ಆದರೆ ಹಳೆಯದಕ್ಕೂ ಅದಕ್ಕೂ ಹೋಲಿಕೆಯೇ ಇರುವುದಿಲ್ಲ; ಮಕ್ಕಳ ನೋಟ್‌ಬುಕ್ಕಿನ ಹಿಂಬದಿಯ ಟೈಮ್ ಟೇಬಲ್ ಪೂರ್ತಿ ಹಾಳು. ಅದಕ್ಕೆಂದೇ ಮನೆಗಳಿಗೆ ಬೀಗ ಹಾಕುವ ಸೌಲಭ್ಯ ಬಂತು. ಬೀಗ ಬಿದ್ದ ಪಾಠವನ್ನು ಯಾರೂ ಎಬ್ಬಿಸುವಂತಿಲ್ಲ. 405 ಮನೆಗಳಲ್ಲಿ 350ಕ್ಕೆ ಬೀಗ ಹಾಕಿ ಉಳಿದ 55ನ್ನು ಮಾತ್ರ ಬಿಟ್ಟರೆ ಕೆಲಸ ಹಗುರಾಗುತ್ತದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಎಬ್ಬಿಸಬಲ್ಲವರು ಕಡಿಮೆಯಾದಂತೆ ಸರಪಳಿಗಳು ಎರಡನೇ ಕೊಂಡಿಯಲ್ಲೇ ಗೋಡೆಗೆ ತಾಗುತ್ತವೆ. ಹಾಗಾಗಿ ಬೀಗಗಳನ್ನು ಒಂದೊಂದಾಗಿ ತೆಗೆಯುತ್ತ, ಮೊದಲು ಆಟ ಮತ್ತು ವಾಚನಾಲಯದವನ್ನು, ಆಮೇಲೆ ಸಮಾಜ ವಿಜ್ಞಾನದವನ್ನು ತೆಗೆದು, ಭಾಷೆಯವನ್ನು ಕೊನೆಯವರೆಗೂ ಮುಟ್ಟದೆ, ಪ್ರತಿ ಸಲವೂ ಗುಂಡಿ ಒತ್ತಿ ನೋಡಬೇಕಾಗುತ್ತದೆ.